ಹಲ್ಲಕ್ಕನ ಕೈಗೆ ಬಿದ್ದ ಮಿಕ್ಸರ್

ಮನುಷ್ಯರ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ಅದಕ್ಕೆ ಅರ್ಧ ಕಾರಣ ಹುಟ್ಟುಗುಣ, ಇನ್ನರ್ಧ ಅವಳ ಕಸುಬು. ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಿದ್ದರು. ಅದನ್ನು ಮುಂದಿಟ್ಟುಕೊಂಡು, ಮೇಣ ತಿದ್ದಿ, ಬಣ್ಣ ಹೊಂದಿಸಿ ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಹಾಗಾಗಿ ಲ್ಯಾಬಿನಲ್ಲೂ ಬೀದಿಯಲ್ಲೂ ಅವಳು ಹಲ್ಲಕ್ಕ. ಅಚ್ಚು ನೋಡಿದರೆ ಸಾಕು, ಆಸಾಮಿಯ ಬಂಡವಾಳ ಅವಳಿಗೆ ಗೊತ್ತಾಗುತ್ತಿತ್ತು. ಇವನು ನಿದ್ದೆಯಲ್ಲಿ ಹಲ್ಲು ಕಡಿಯುವ ಪುಕ್ಕಲ, ಇವನು ಸೋಮಾರಿತನಕ್ಕೆ ಒಂದೇ ಕಡೆ ಅಗಿಯುವವನು, ಇವಳು ದಿನಾ ಹಲ್ಲುಜ್ಜುತ್ತೇನೆಂದು ಡಾಕ್ಟರ ಮುಂದೆ ಹಸಿ ಸುಳ್ಳು ಹೇಳಿದವಳು. ಬ್ಯಾಂಕಿನ ಮ್ಯಾನೇಜರು ದಾರಿಯಲ್ಲಿ ಎದುರಾಗಿ ಗತ್ತಿನಿಂದ ತಲೆಯಾಡಿಸಿದರೆ, ಅವನ ಮೇಲ್ದವಡೆ ತನ್ನ ಮೇಜಿನ ಮೇಲೆ ಒಣಗುತ್ತಿರುವುದನ್ನು ನೆನೆದು ಅವಳು ಒಳಗೊಳಗೇ ನಗುತ್ತಿದ್ದಳು.

ಇಂಥವಳು ಗಂಡನ ವಿಷಯದಲ್ಲಿ ಮೋಸಹೋದದ್ದೂ ಹಲ್ಲಿನಿಂದಲೇ. ನೋಡಲು ಬಂದ ದಿನ ಅವನು ನಕ್ಕಿದ್ದ. ಒಂದು ಹುಳುಕಿಲ್ಲ, ಒಂದು ಸಂದಿಲ್ಲ, ದೇವರೇ ಪುರುಸೊತ್ತಿನಲ್ಲಿ ಕೂತು ಜೋಡಿಸಿದಂಥ ಸಾಲು. ಇಂಥ ಬಾಯಿ ತನ್ನ ಮೇಜಿಗೆ ಎಂದೂ ಬರಲಾರದು ಎಂದುಕೊಂಡು ಒಪ್ಪಿಬಿಟ್ಟಳು. ಆ ಹಲ್ಲಿನ ಹಿಂದಿನಿಂದ ಎಂಥೆಂಥ ಮಾತು ಬರುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ಮದುವೆ ಹಳತಾಗಿತ್ತು.

ಅವನು ಗಾಳಿಗೋಪುರ ಕಟ್ಟುವುದರಲ್ಲಿ ಎತ್ತಿದ ಕೈ. ಮೊದಲು ಫೋಟೋಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟ. ಚೌಕಟ್ಟುಗಳೆಲ್ಲ ಓರೆಯಾಗಿ, ಗೋಡೆಯೇ ವಾಲಿದೆಯೇನೋ ಎಂದು ಗಿರಾಕಿಗಳು ಗಾಬರಿಯಾದರು. ಆಮೇಲೆ ನೀರು ಸೋಸುವ ಯಂತ್ರದ ಏಜೆನ್ಸಿ ಹಿಡಿದ. ಸ್ವಂತ ಮನೆಯಲ್ಲೇ ಅದು ಸೋರಿತು. ಕೊನೆಗೆ, ತನಗೆ ದನಿಯಿದೆ ಎಂದು ಅವನಿಗೆ ಜ್ಞಾನೋದಯವಾಯಿತು. ಊರಿನಲ್ಲಿ ಧ್ವನಿಮುದ್ರಣದ ಸ್ಟುಡಿಯೋ ಇಲ್ಲ, ತಾನೇ ಮಾಡುತ್ತೇನೆ ಎಂದು, ಸದ್ದು ಹೀರಲಿಕ್ಕೆ ಮಲಗುವ ಕೋಣೆಯ ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ. ಹಲ್ಲಕ್ಕ ಆ ಟ್ರೇಗಳನ್ನೂ ಗಂಡನನ್ನೂ ಒಂದೇ ಬಗೆಯ ನೋಟದಿಂದ ನೋಡುತ್ತ ಮಲಗತೊಡಗಿದಳು.

ಒಂದು ದಿನ ಏನೋ ಕೆಲಸವಿದೆಯೆಂದು ಗಂಡ ಸ್ಕೂಟರ್ ಇಟ್ಟುಕೊಂಡಿದ್ದ. ಸಂಜೆ ಅವಳು ಲ್ಯಾಬಿನಿಂದ ನಡೆದು ಬರುವಾಗ ಮನೆಯೆದುರು ಅದು ಇರಲಿಲ್ಲ. ಒಳಗೆ ಊಟದ ಮೇಜಿನ ಮೇಲೆ, ಮೇಜಿನ ಎರಡೂ ಅಂಚು ದಾಟಿ, ಬೂದುಬಣ್ಣದ ಒಂದು ದೊಡ್ಡ ಪೆಟ್ಟಿಗೆ ಕೂತಿತ್ತು. ಮೈತುಂಬ ಗುಂಡಿ, ನಡುವೆ ಮಸುಕು ಪರದೆ, ಕೆಳಗೆ ಉದ್ದಕ್ಕೂ ಮೇಲೆ ಕೆಳಗೆ ಜಾರುವ ಹಿಡಿಗಳ ಸಾಲು.

"ಡಿಜಿಟಲ್ ಮಿಕ್ಸರ್!" ಎಂದ ಗಂಡ, ಹೆತ್ತವನ ಹಿಗ್ಗಿನಲ್ಲಿ. "ಮೈಕುಗಳ ಸದ್ದೆಲ್ಲ ಬೆರೆಸಿ ಹದ ಮಾಡೋದು. ಹಳೇ ನಾಟಕದ ಥಿಯೇಟರ್ ಕೆಡವ್ತಿದ್ದಾರಲ್ಲ, ಅಲ್ಲಿಂದ. ಆ ಕಾಲಕ್ಕೆ ಇಂಥದ್ದು ಎಲ್ಲೂ ಇರ್ಲಿಲ್ಲ ಗೊತ್ತಾ? ಈಗಿನವು ಇದರ ಕಾಲಧೂಳಿಗೂ ಸಮ ಇಲ್ಲ ಕಣೇ."

"ಸ್ಕೂಟರ್ ಎಲ್ಲಿ?"

"ಅದನ್ನ ಕೊಟ್ಟೇ ಇದನ್ನ ತಂದಿದ್ದು."

"ಅದರಲ್ಲಿ ಕೆಲಸಕ್ಕೆ ಹೋಗ್ತಿದ್ದೋಳು ನಾನು ಕಣ್ರೀ. ನಾಳೆಯಿಂದ ಇದರ ಮೇಲೆ ಕೂತು ಹೋಗ್ಲಾ?"

ಅತ್ತೆ ಮೂಲೆಯ ಕುರ್ಚಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ಅವರಿಗೆ ಒಂದು ಕಿವಿ ಮಂದ. ಇನ್ನೊಂದು, ಬೇಕಾದಾಗ ಮಾತ್ರ ಕೇಳುತ್ತಿತ್ತು. "ಇಷ್ಟು ದೊಡ್ಡ ಮಿಕ್ಸಿ ಯಾಕೋ ತಂದೆ? ಇರೋದು ಮೂರು ಜನ. ಏನು ರುಬ್ಬೋದು ಇದರಲ್ಲಿ?" ಎಂದರು.

"ನಮ್ಮನ್ನೇ ಅತ್ತೆ," ಎಂದಳು ಸೊಸೆ.

ಸ್ವಿಚ್ ಹಾಕಿದ ಕೂಡಲೇ ಹಿಡಿಗಳೆಲ್ಲ ಯಾರೂ ಮುಟ್ಟದೆ ತಾವಾಗಿಯೇ ಮೇಲಕ್ಕೂ ಕೆಳಕ್ಕೂ ಓಡಾಡಿದವು. ಫೇಡರ್ ಎನ್ನುವ ಆ ಹಿಡಿಗಳಿಗೆ ಒಳಗೆ ಪುಟ್ಟ ಮೋಟರುಗಳಿದ್ದವು. ಪರದೆಯ ಮೇಲೆ ಅರ್ಥವಿಲ್ಲದ ಒಂದು ಸಾಲು ಮೂಡಿ ಅಳಿಸಿಹೋಯಿತು. ಸ್ಪೀಕರಿನಿಂದ ಹೊಟ್ಟೆನೋವಿನ ಎಮ್ಮೆಯಂಥ ಗುಂಯ್ ಸದ್ದು.

"ನೋಡು, ನೋಡು, ಜೀವ ಇದೆ!" ಎಂದು ಗಂಡ ಕೈತಟ್ಟಿದ.

"ಜೀವ ಅಲ್ಲ, ಸನ್ನಿ," ಎಂದು ಅವಳು ತಟ್ಟೆ ಹಿಡಿದು ನೆಲದ ಮೇಲೆ ಕೂತಳು. ಊಟದ ಮೇಜು ಇನ್ನು ಅವರದಾಗಿರಲಿಲ್ಲ.

ರಿಪೇರಿಗೆ ಬಂದವನು ಗಂಡನ ಗೆಳೆಯ, ವೈರಣ್ಣ. ಅವನು ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ತನ್ನನ್ನು ತಾನು ಇಂಜಿನಿಯರ್ ಎಂದು ಕರೆದುಕೊಳ್ಳುತ್ತಿದ್ದ. ಅವನ ಸಾಮಾನಿನ ಚೀಲದಲ್ಲಿ ಇದ್ದದ್ದು ಮುಖ್ಯವಾಗಿ ಬಿಸಿ ಅಂಟಿನ ಗನ್ನು, ಮತ್ತು ಬಕೆಟ್ಟಿನ ತೂತು ಮುಚ್ಚಲು ಲಾಯಕ್ಕಾದ ಒಂದು ದಪ್ಪ ಸೋಲ್ಡರಿಂಗ್ ಐರನ್. ಅವನು ಮುಚ್ಚಳ ಬಿಚ್ಚಿ ಒಳಗೆ ಊದಿದ. ಧೂಳು ಅವನ ಮುಖಕ್ಕೇ ಬಂತು. "ಮೇನ್ ಹೋಗಿದೆ," ಎಂದ. ಯಾವ ಮೇನ್ ಎಂದು ಗಂಡ ಕೇಳಲಿಲ್ಲ, ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಇಬ್ಬರೂ ಭಾನುವಾರಗಟ್ಟಲೆ ಆ ಪೆಟ್ಟಿಗೆಯ ಹೊಟ್ಟೆಯೊಳಗೆ ತಲೆ ತೂರಿಸಿ, ಸಿಕ್ಕ ಸಿಕ್ಕಲ್ಲಿ ಸುಟ್ಟು, ಸುಟ್ಟಲ್ಲೆಲ್ಲ ಅಂಟು ಸುರಿದರು. ಒಂದು ಬೋರ್ಡಿನಿಂದ ಇನ್ನೊಂದಕ್ಕೆ ಹೋಗುವ ಪಟ್ಟಿ ವೈರನ್ನು ಎಳೆಯಲು ಹೋಗಿ, ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕಿವಿಯನ್ನು ವೈರಣ್ಣ ಪಟ್ಟೆಂದು ಮುರಿದ. "ಇದು ಸುಮ್ನೆ ಶೋಕಿಗೆ ಇಟ್ಟಿರ್ತಾರೆ," ಎಂದು ಚೂರನ್ನು ಜೇಬಿಗೆ ಹಾಕಿಕೊಂಡ.

ಹಲ್ಲಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಅವಳಿಗೆ ಮಿಕ್ಸರೂ ಬೇಡ, ಸಂಗೀತವೂ ಬೇಡ. ಆದರೆ ಕೆಟ್ಟ ಕೈಕೆಲಸ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ವೈರಣ್ಣ ಹಾಕಿದ ಬೆಸುಗೆ ಬೋರ್ಡಿನ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತಿತ್ತು. ಅವನು ಮತ್ತೊಂದು ಕಡೆ ಐರನ್ ಒತ್ತಿ, ಹೊಗೆಯೇಳುವಾಗ, "ಹೂಂ, ಹಿಡೀತು," ಎಂದ.

ಅವಳು ಹೋಗಿ ಅವನ ಕೈಯಿಂದ ಐರನ್ ಕಿತ್ತುಕೊಂಡಳು. "ಏಳ್ರೀ ಮೇಲೆ. ಇಬ್ರೂ ಏಳಿ. ಎಮ್ಮೆಗೂ ಹೀಗೆ ಬರೆ ಹಾಕಲ್ಲ."

"ಅಕ್ಕಾ, ಇದು ಹಲ್ಲಲ್ಲ..." ಎಂದು ವೈರಣ್ಣ ಹಲ್ಲು ಕಿರಿದ.

"ನಿಮ್ಮ ಮುಂದಿನ ಹಲ್ಲು ಕಟ್ಟಿದ್ದು ನಾನೇ. ಅದು ಇನ್ನೂ ಬಿದ್ದಿಲ್ಲ ತಾನೇ? ನೀವು ಮಾಡಿದ್ದರಲ್ಲಿ ಬೀಳದೆ ಉಳಿದದ್ದು ಒಂದಿದ್ರೆ ತೋರ್ಸಿ, ಆಮೇಲೆ ಮಾತಾಡಿ."

ಹಾಗೆ, ಪ್ರೀತಿಯಿಂದಲ್ಲ, ಆಸಕ್ತಿಯಿಂದಲೂ ಅಲ್ಲ, ಬರೀ ತಾತ್ಸಾರದಿಂದ ಅವಳು ಆ ಕೆಲಸ ಶುರುಮಾಡಿದಳು. ಮೊದಲು ಅಂಟು ಕೆರೆದಳು. ಹಣೆಗೆ ಕಟ್ಟುವ ಭೂತಗನ್ನಡಿ ಲ್ಯಾಬಿನಿಂದ ಬಂತು. ಸ್ಪಿರಿಟ್ಟು, ಸಣ್ಣ ಕುಂಚ, ಸೂಜಿಮೊನೆಯ ಚಿಮುಟ ಬಂದವು. ಯಂತ್ರದ ಕೈಪಿಡಿಯನ್ನು ಗಂಡ ಇಂಟರ್ನೆಟ್ಟಿನಿಂದ ಇಳಿಸಿ ಮುದ್ರಿಸಿ ತಂದ. ತಾನು ಅದನ್ನು ಓದಿರಲಿಲ್ಲ. ಓದಲು ಕೂತಾಗ ಮೊದಮೊದಲು ಅವಳಿಗೂ ತಲೆಬುಡ ತಿಳಿಯಲಿಲ್ಲ. ಬರೆದವನನ್ನು ಬೈದುಕೊಂಡೇ ಓದಿದಳು, ಮತ್ತೆ ಓದಿದಳು, ಅಡುಗೆ ಮಾಡುತ್ತ ಓದಿದಳು.

ಬೋರ್ಡುಗಳನ್ನು ಒಂದೊಂದಾಗಿ ತೆಗೆದು ಗಾಜಿನಡಿ ಹಿಡಿದಾಗ ಅವಳಿಗೆ ತನ್ನ ಮೇಜೇ ನೆನಪಾಯಿತು. ಒಳಗೆ ಪೂರಾ ಹುಳುಕು. ಕೆಪಾಸಿಟರ್ ಎನ್ನುವ ಪುಟ್ಟ ಪುಟ್ಟ ಡಬ್ಬಿಗಳು ವಯಸ್ಸಾಗಿ ಸೋರಿ, ಒಳಗಿನ ದ್ರವ ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ಸುಳಿವುಗಳನ್ನು ಹಿಡಿದು ಅವಳು ಹುಡುಕುತ್ತ ಹೋದಳು. ಸತ್ತ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕಿದಳು. ತಿಂದುಹೋದ ಗೆರೆಯ ಜಾಗದಲ್ಲಿ ವೈರಿನಿಂದ ಬಿಡಿಸಿದ ಕೂದಲೆಳೆಯಂಥ ತಾಮ್ರ ಹಾಸಿ ಬೆಸೆದಳು. ಒಮ್ಮೆ ಅವಳ ಕೈಯಲ್ಲೂ ಒಂದು ಗೆರೆ ಎದ್ದು ಬಂತು. ಅದನ್ನು ಯಾರಿಗೂ ಹೇಳದೆ ಸರಿಮಾಡಿ, ಇಡೀ ದಿನ ಗಂಡನ ಮೇಲೆ ರೇಗಿದಳು. ಫೇಡರುಗಳನ್ನು ಬಿಚ್ಚಿ, ಲ್ಯಾಬಿನಲ್ಲಿ ಕಟ್ಟುಹಲ್ಲು ತೊಳೆಯಲು ಇದ್ದ, ನೀರನ್ನು ನಡುಗಿಸಿ ಕೊಳೆ ಬಿಡಿಸುವ ಯಂತ್ರಕ್ಕೆ ಅವುಗಳ ಲೋಹದ ಭಾಗ ಹಾಕಿ ತೆಗೆದಳು. ಎಷ್ಟೋ ಕಾಲದ ನಾಟಕಗಳ ಬೆವರು, ಧೂಳು, ಜಿಡ್ಡು ಕಪ್ಪಗೆ ತಳಕ್ಕಿಳಿಯಿತು. "ಕಲಾವಿದರ ಕೊಳೆ," ಎಂದು ಮೂಗು ಮುರಿದು ಮೋರಿಗೆ ಚೆಲ್ಲಿದಳು.

ಗಂಡ ಪಕ್ಕದಲ್ಲಿ ಕೂತಿರುತ್ತಿದ್ದ. ಸ್ಕ್ರೂಗಳನ್ನು ಬಟ್ಟಲಿಗೆ ಹಾಕುವುದು, ದೀಪ ಹಿಡಿಯುವುದು ಅವನ ಪಾಲು. ದೀಪವನ್ನೂ ಅವನು ನೆಟ್ಟಗೆ ಹಿಡಿಯುತ್ತಿರಲಿಲ್ಲ.

"ಬೆಳಕು ಬೋರ್ಡಿನ ಮೇಲಿರ್ಲಿ. ನನ್ನ ಮೂಗಿಗೆ ರಿಪೇರಿ ಬೇಕಾಗಿಲ್ಲ."

"ಸರಿ ಕಣೇ, ಸರಿ."

ಕಡೆಗೊಂದು ಮಧ್ಯಾಹ್ನ ಸ್ವಿಚ್ ಹಾಕಿದಾಗ ಎಮ್ಮೆ ಅರಚಲಿಲ್ಲ. ಪರದೆಯಲ್ಲಿ ಅಕ್ಷರಗಳು ಚೊಕ್ಕವಾಗಿ ಮೂಡಿದವು. ಫೇಡರುಗಳು ಒಮ್ಮೆ ಮೇಲಕ್ಕೆ ಹೋಗಿ, ಒಟ್ಟಿಗೆ ಕೆಳಗಿಳಿದು, ಕವಾಯತಿನವರ ಹಾಗೆ ಸಾಲಾಗಿ ನಿಂತವು. ಅವಳು ಒಂದನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಳು. ಅದಕ್ಕೆ ಜೋಡಿಸಿದ ಉಳಿದವು ತಾವಾಗಿಯೇ ಜೊತೆಗೆ ಏರಿದವು. ಹೇಳಿದ ಮಾತು ಕೇಳುವ ಏಕೈಕ ಪ್ರಾಣಿ ಈ ಮನೆಯಲ್ಲಿ ಇದೇ ಎಂದು ಅವಳಿಗೆ ಅನ್ನಿಸಿತು. ಆ ಹಿಗ್ಗು ಯಾರಿಗೂ ಕಾಣಬಾರದೆಂದು, "ಈಗ ನೀವು ಹಾಡಿ ಇದನ್ನ ಹಾಳು ಮಾಡಿ," ಎಂದು ಎದ್ದು ಒಳಗೆ ಹೋದಳು.

ಮೊದಲ ಗಿರಾಕಿಯಾಗಿ ಬಂದವನು ಚಪ್ಪಲಿ ಅಂಗಡಿಯ ಮಾಲೀಕ. ಗಾಡಿಯ ಮೇಲೆ ಸ್ಪೀಕರ್ ಕಟ್ಟಿ ಬೀದಿ ಬೀದಿ ಕೂಗಿಸಲು ಅವನಿಗೊಂದು ಜಾಹೀರಾತು ಬೇಕಿತ್ತು. ಊದಿದ ಮನುಷ್ಯ, ಮನೆಯೊಳಗೆ ಬರುವಾಗ ಬಾಗಿಲಿಗೇ ಉಪಕಾರ ಮಾಡುವವನ ಹಾಗೆ ಬಂದ. ಗಂಡ ಅವನನ್ನು ಮೊಟ್ಟೆ ಟ್ರೇಗಳ ಕೋಣೆಗೆ ಕರೆದೊಯ್ದು ಮೈಕಿನ ಮುಂದೆ ಕೂರಿಸಿದ. ಹಲ್ಲಕ್ಕ ಹೊರಗೆ ಮಿಕ್ಸರಿನ ಮುಂದೆ ಹೆಡ್‌ಫೋನ್ ಹಾಕಿಕೊಂಡು, ಎಲ್ಲಾದರೂ ಗೊರಗೊರ ಉಳಿದಿದೆಯೇ ಎಂದು ಕಿವಿಗೊಟ್ಟಳು. ಗೊರಗೊರ ಇರಲಿಲ್ಲ. ಕೋಣೆಯ ಮಾತು ಅವಳ ತಲೆಯೊಳಗೇ ಕೂತು ಆಡಿದಷ್ಟು ಸ್ಪಷ್ಟವಾಗಿತ್ತು.

"ಇಷ್ಟು ಹಳೇ ಮಷೀನ್ ಯಾರು ರಿಪೇರಿ ಮಾಡಿದ್ರು?" ಎಂದು ಚಪ್ಪಲಿಯವನ ದನಿ.

"ನಾನೇ ಸಾರ್. ಒಂದೊಂದು ಬೋರ್ಡೂ ಬಿಚ್ಚಿ ಜೋಡಿಸಿದ್ದು."

"ನಿಮ್ಮ ಮನೆಯವರು ಏನೋ ಮಾಡ್ತಿದ್ರು ಅಂತ ವೈರಣ್ಣ ಹೇಳ್ದ?"

ಗಂಡ ನಕ್ಕ. ಆ ನಗೆಯಲ್ಲಿ ಎಲ್ಲ ಹಲ್ಲೂ ಕಂಡಿರಬೇಕೆಂದು ಹೊರಗೆ ಕೂತವಳಿಗೆ ಗೊತ್ತಾಯಿತು. "ಅವಳಾ? ಸ್ಕ್ರೂ ಎತ್ತಿ ಕೊಡ್ತಿದ್ಲು, ಅಷ್ಟೆ. ಹೆಣ್ಣುಮಕ್ಕಳಿಗೆ ಇದೆಲ್ಲ ಎಲ್ಲಿ ತಲೆಗೆ ಹೋಗುತ್ತೆ ಸಾರ್."

ಹಲ್ಲಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಲೆಕ್ಕ ತಾಳೆಯಾದಂಥ ಒಂದು ತಣ್ಣನೆಯ ತೃಪ್ತಿ ಮಾತ್ರ ಆಯಿತು.

ಧ್ವನಿಮುದ್ರಣ ಮುಗಿದು ಕೇಳಿಸಿಕೊಳ್ಳಲು ಇಬ್ಬರೂ ಹೊರಗೆ ಬಂದರು. ಚಪ್ಪಲಿಯವನು ಮೇಜಿಗೆ ಸೊಂಟ ಒರಗಿಸಿದ. ಮೇಜು ಜೋರಾಗಿ ಅಲುಗಿತು. ಎಡಗಡೆಯ ಫೇಡರುಗಳೆಲ್ಲ ನಿಂತಲ್ಲೇ ಸತ್ತವು. ಪರದೆ ಮಿಣುಕಿತು.

ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ವೈರಣ್ಣ ಕಿವಿ ಮುರಿದಿದ್ದ ಆ ಪಟ್ಟಿ ವೈರು ಜಾರಿತ್ತು. ಯಂತ್ರ ಆರಿಸಿ, ಮುಚ್ಚಳ ತೆಗೆದು, ಬೆರಳಿನಿಂದ ಒತ್ತಿದರೆ ಮುಗಿಯಿತು.

ಗಂಡ ಅವಳ ಕಡೆ ನೋಡಿದ.

"ನನ್ನನ್ನ ಯಾಕ್ರೀ ನೋಡ್ತೀರಾ?" ಎಂದಳು ಅವಳು, ಕೈಕಟ್ಟಿಕೊಂಡು. "ಒಂದೊಂದು ಬೋರ್ಡೂ ಬಿಚ್ಚಿ ಜೋಡಿಸಿದವರು ನೀವಲ್ವಾ? ಬಿಚ್ಚಿ. ಬೇಕಾದ್ರೆ ನಾನು ಸ್ಕ್ರೂ ಎತ್ತಿ ಕೊಡ್ತೀನಿ."

ಅವನ ಮುಖ ಬಿಳುಚಿಕೊಂಡಿತು. ಚಪ್ಪಲಿಯವನು ಇಬ್ಬರನ್ನೂ ನೋಡಿ, ತಮಾಷೆ ನೋಡುವ ಹುರುಪಿನಲ್ಲಿ ಕುರ್ಚಿ ಎಳೆದುಕೊಂಡ. ಗಂಡ ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಚ್ಚಿದ. ಹಿಂಬದಿಯ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಕರೆಂಟು ತೆಗೆಯಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಅವಳಿಗೆ ಅದು ಕಾಣುತ್ತಿತ್ತು. ಅವಳು ಕೈಕಟ್ಟಿಕೊಂಡೇ ಇದ್ದಳು. ಅವನು ವೈರುಗಳ ನಡುವೆ ತಡಕಾಡಿದ, ಯಾವುದನ್ನೋ ಎತ್ತಿದ, ಇನ್ನು ಯಾವುದನ್ನೋ ತಿವಿದ. ಸ್ಕ್ರೂಡ್ರೈವರ್ ಜಾರಿ ಕರೆಂಟಿನ ಬೋರ್ಡಿನ ಮೇಲೆ ಅಡ್ಡಬಿತ್ತು.

ಢಮ್ಮೆಂದಿತು. ನೀಲಿ ಬೆಳಕು ಹಾರಿ, ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಕೋಣೆ ತುಂಬಿತು. ಗಂಡ ಹಿಂದಕ್ಕೆ ಬಿದ್ದು ಕೈ ಹಿಡಿದುಕೊಂಡ. ಚಪ್ಪಲಿಯವನು ಮೂಗಿಗೆ ಕರವಸ್ತ್ರ ಒತ್ತಿ ಬಂದ ದಾರಿಗೆ ಸುಂಕವಿಲ್ಲವೆಂದು ಓಡಿದ. ಹಲ್ಲಕ್ಕ ಹೋಗಿ ಪ್ಲಗ್ ಎಳೆದಳು. ತಡವಾಗಿತ್ತು. ಅವಳು ಕೂದಲೆಳೆಯಲ್ಲಿ ಬೆಸೆದಿದ್ದ ಬೋರ್ಡುಗಳು ಇದ್ದಿಲಾಗಿದ್ದವು.

ಗಂಡನ ಬೆರಳುಗಳನ್ನು ತಣ್ಣೀರಿಗೆ ಹಿಡಿದು, ಅವಳು ಔಷಧಿ ತರಲು ಒಳಗೆ ಹೋದಳು. ಅತ್ತೆ ಬಾಗಿಲಲ್ಲಿ ಅಡ್ಡ ನಿಂತಿದ್ದರು. ಇಷ್ಟು ವರ್ಷ ಅವರನ್ನು ಮೂಲೆಯ ಕುರ್ಚಿಯ ಇನ್ನೊಂದು ಕಾಲೆಂದೇ ಸೊಸೆ ತಿಳಿದಿದ್ದಳು.

"ಆ ಕೆಂಪು ದೀಪ ನನಗೇ ಕಾಣಿಸ್ತು," ಎಂದರು ಅತ್ತೆ ಮೆಲ್ಲಗೆ. "ನಿನಗೆ ಕಾಣಿಸ್ಲಿಲ್ವಾ?"

ಅವಳು ಔಷಧಿಯ ಗೂಡಿನ ಕಡೆ ಕಣ್ಣು ಹೊರಳಿಸಿದಳು.

"ನನ್ನ ಮಗ ದಂಡಪಿಂಡ. ನನಗೆ ಗೊತ್ತಿಲ್ವೇನೇ? ಹೆತ್ತಿದ್ದು ನಾನು. ಅದಕ್ಕೆ ಸಾಯ್ಲಿ ಅಂತ ನಿಂತುಕೊಂಡ್ಯಾ?"

ಅತ್ತೆ ದಾರಿ ಬಿಟ್ಟು ಕುರ್ಚಿಗೆ ಹೋಗಿ ಕೂತರು. ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಮುಂದಿನ ದಿನಗಳಲ್ಲಿ ಹಲ್ಲಕ್ಕ ಲ್ಯಾಬಿನಲ್ಲಿ ಎರಡು ಸೆಟ್ಟು ಹಲ್ಲನ್ನು ಅದಲುಬದಲು ಮಾಡಿದಳು. ಹಾಗೆಂದೂ ಆಗಿರಲಿಲ್ಲ. ಗಂಡನ ಮುಖಕ್ಕೆ ಮಸಿ ಬಳಿಯಬೇಕೆಂದಿದ್ದಳು, ಬಳಿದಾಗಿತ್ತು. ಆದರೆ ಬಾಯಿಗೆ ಏನೂ ರುಚಿಸುತ್ತಿರಲಿಲ್ಲ. ಅವಳ ತಾತ್ಸಾರಕ್ಕೆ ಎಂದೂ ಒಳಗಾಗದೆ ಉಳಿದಿದ್ದದ್ದು ಅವಳೊಬ್ಬಳೇ. ಈಗ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಾಗ, ಒಂದು ಹುಳುಕು ಅಚ್ಚನ್ನು ತಿರುಗಿಸಿ ನೋಡಿದ ಹಾಗೆ ಆಗುತ್ತಿತ್ತು. ವೈರಣ್ಣನ ಬೆಸುಗೆಗಿಂತ ಹೊಲಸು ಕೆಲಸ, ಎಂದುಕೊಂಡಳು. ಅವನು ತಿಳಿಯದೆ ಸುಟ್ಟ. ನಾನು ತಿಳಿದು ಸುಡಿಸಿದೆ.

ಗಂಡನ ಬೆರಳಿನ ಪಟ್ಟಿ ಬದಲಿಸುವಾಗ ಒಂದು ಬೆಳಿಗ್ಗೆ ಅವಳು ಹೇಳಿಯೇಬಿಟ್ಟಳು. "ಆವತ್ತು ಪಟ್ಟಿ ವೈರು ಸಡಿಲ ಆಗಿತ್ತು. ಬೆರಳಲ್ಲಿ ಒತ್ತಿದ್ರೆ ಸಾಕಿತ್ತು. ನಂಗೆ ಗೊತ್ತಿತ್ತು."

ಅವನು ಪಟ್ಟಿಯನ್ನೇ ನೋಡುತ್ತಿದ್ದ. "ನಿಂಗೆ ಗೊತ್ತಿದೆ ಅಂತ ನಂಗೂ ಗೊತ್ತಿತ್ತು."

"ಹೇಗೆ?"

"ನಿನ್ನ ಮುಖ ನೋಡಿದ್ನಲ್ಲ. ಉತ್ತರ ಗೊತ್ತಿರೋ ಮುಖ ಅದು. ದಿನಾ ನೋಡ್ತೀನಿ."

"ಮತ್ತೆ ಯಾಕ್ರೀ ಕೈ ಹಾಕಿದ್ರಿ? ಅಮ್ಮಾ ತಾಯೀ, ನೀನೇ ನೋಡು ಅಂದಿದ್ರೆ ಗಂಟೇನು ಹೋಗ್ತಿತ್ತು?"

"ಆ ಚಪ್ಪಲಿಯವನ ಮುಂದೆ ಅಷ್ಟು ಕೊಚ್ಚಿಕೊಂಡ ಮೇಲೆ ಇನ್ನೇನು ಮಾಡ್ಲಿ?" ಎಂದು ಅವನು ಹಲ್ಲು ಕಾಣದ ಹಾಗೆ ನಕ್ಕ. "ನಿನ್ನ ಮುಂದಂತೂ ಮಾನ ಇಲ್ಲ. ಹೊರಗಿನವರ ಮುಂದೆ ಸ್ವಲ್ಪ ಇರ್ಲಿ ಅಂತ ಆಸೆ."

ಎಂಥ ದರಿದ್ರ ಆಸೆ ಎಂದು ಅವಳಿಗೆ ಅನ್ನಿಸಿತು. ಅದನ್ನು ಹೇಳದೆ, ಪಟ್ಟಿಯ ಗಂಟು ಬಿಗಿಯಾಗದಂತೆ ನೋಡಿ ಕಟ್ಟಿದಳು.

ಸುಟ್ಟ ಬೋರ್ಡುಗಳು ಎಲ್ಲೂ ಹೊಸದಾಗಿ ಸಿಗುವಂತಿರಲಿಲ್ಲ. ಅಂಥದೇ ಇನ್ನೊಂದು ಯಂತ್ರ ಬೇಕಿತ್ತು. ಈ ಕೆಲಸದಲ್ಲಿ ಗಂಡ ಅವಳನ್ನು ದಂಗುಬಡಿಸಿದ. ಯಾರ್ಯಾರಿಗೋ ಫೋನು ಮಾಡಿ, ಯಾರ್ಯಾರದೋ ಮನೆಗೆ ಹೋಗಿ ಹರಟಿ, ಮುಚ್ಚಿಹೋದ ಒಂದು ರೇಡಿಯೋ ಕೇಂದ್ರದ ಗೋದಾಮಿನಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿದ್ದ ಅದರ ಜೋಡಿಯನ್ನು ಪತ್ತೆಹಚ್ಚಿದ. ಅಲ್ಲಿಯ ಕಾವಲುಗಾರ ಅದನ್ನು ಕೊಟ್ಟು, ಮೇಲೆ ಒಂದು ಲೋಟ ಟೀ ಕುಡಿಸಿ, ಗಾಡಿಗೆ ಏರಿಸಲು ಹೆಗಲನ್ನೂ ಕೊಟ್ಟನಂತೆ. ಬರೀ ಬಾಯಿಮಾತಿನಲ್ಲಿ ಇಷ್ಟು ಸಾಧಿಸಬಹುದೆಂದು ಹಲ್ಲಕ್ಕನಿಗೆ ಗೊತ್ತೇ ಇರಲಿಲ್ಲ. ಅವಳ ಬಾಯಿಮಾತಿಗೆ ಯಾರೂ ಏನನ್ನೂ ಕೊಟ್ಟವರಲ್ಲ.

ಎರಡು ಹೆಣಗಳಿಂದ ಒಂದು ಜೀವ ಎಬ್ಬಿಸಲು ಬೇಸಿಗೆ ಪೂರ್ತಿ ಹಿಡಿಯಿತು. ಮುರಿದ ಕಿವಿಯ ಜಾಗಕ್ಕೆ ಅವಳು ಕಟ್ಟುಹಲ್ಲಿನ ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲಿ ಹೊಸ ಕೊಂಡಿ ಎರಕ ಹೊಯ್ದು ಕೂರಿಸಿದಳು. ಯಂತ್ರ ಎದ್ದಿತು. ಗಂಡ ಮೈಕಿನ ಮುಂದೆ ನಿಂತು ಆಸೆಪಟ್ಟ ಹಾಡನ್ನು ಹಾಡಿ, ಹೊರಗೆ ಬಂದು ಕೇಳಿದ. ಗೊರಗೊರ ಇಲ್ಲ, ಗುಂಯ್ ಇಲ್ಲ. ಅಡಗಿಕೊಳ್ಳಲು ಎಲ್ಲೂ ಜಾಗವಿಲ್ಲದೆ ಅವನ ಶ್ರುತಿ ಬಯಲಲ್ಲಿ ನಿಂತಿತ್ತು.

"ಚೆನ್ನಾಗಿಲ್ಲ ಅಲ್ವಾ?" ಎಂದ.

"ಇಲ್ಲ," ಎಂದಳು.

"ಮಷೀನ್ ತಪ್ಪೇನಾದ್ರೂ...?"

"ಮಷೀನ್ ಮೇಲೆ ಮಾತ್ರ ಹಾಕಬೇಡಿ."

ಅವನು ಹಾಡನ್ನು ಅಳಿಸಿದ. ಆಮೇಲೂ ಹಾಡುವುದನ್ನು ಬಿಡಲಿಲ್ಲ. ಸ್ನಾನದ ಮನೆಯಲ್ಲಿ, ಬಾಗಿಲು ಹಾಕಿಕೊಂಡು. ಮೈಕಿನ ಮುಂದೆ ಬೇರೆಯವರು ಬಂದರು. ಅವರಲ್ಲೂ ಹೆಚ್ಚಿನವರು ಇವನಿಗಿಂತ ಮೇಲೇನಲ್ಲ ಎಂಬುದು ಹಲ್ಲಕ್ಕನ ತೀರ್ಪು.

ಗೋದಾಮಿನ ಕಾವಲುಗಾರನಿಂದಲೋ ಏನೋ, ಸುದ್ದಿ ಹಬ್ಬಿತು. ಸತ್ತ ಮಿಕ್ಸರುಗಳು, ಹಳೆಯ ಧ್ವನಿಪೆಟ್ಟಿಗೆಗಳು ದೂರದೂರದಿಂದ ಬರತೊಡಗಿದವು. ಹಲ್ಲಕ್ಕ ಈಗ ಅರ್ಧ ದಿನ ಹಲ್ಲಿಗೆ, ಅರ್ಧ ದಿನ ಬೋರ್ಡಿಗೆ. ಹುಡುಕಿ ತರುವುದು, ಹೊರುವುದು, ಗಿರಾಕಿಗಳ ಜೊತೆ ಹಲ್ಲು ಬಿಟ್ಟು ಮಾತಾಡುವುದು ಗಂಡನ ಕೆಲಸ. ಯಾವುದನ್ನಾದರೂ ಬಿಚ್ಚುವ ಮೊದಲು ಪ್ಲಗ್ ಕಿತ್ತು, ಅದರ ತುದಿಯನ್ನು ಅತ್ತೆಯ ಕೈಗೆ ಕೊಡುವ ಪದ್ಧತಿಯನ್ನು ಅವಳೇ ಶುರುಮಾಡಿದಳು. ಅತ್ತೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ಸೊಸೆ ಬಂದು ಕೇಳುವ ತನಕ ಯಾರಿಗೂ ಕೊಡುವುದಿಲ್ಲ.

ಜನರ ಬಗ್ಗೆ ಅವಳ ಅಭಿಪ್ರಾಯವೇನೂ ಸುಧಾರಿಸಿಲ್ಲ. ಮೊನ್ನೆ ಒಬ್ಬ ಸ್ಟುಡಿಯೋದವನು ಕಾರಿನಲ್ಲಿ ಯಂತ್ರ ತಂದು, ರಿಪೇರಿ ಮಾಡುವವರು ಯಾರೆಂದು ಬಾಗಿಲಲ್ಲೇ ಕೇಳಿದ.

"ನಮ್ಮ ಮನೆಯವಳು ಸಾರ್," ಎಂದ ಗಂಡ, ಎದೆಯುಬ್ಬಿಸಿ, ಬೀದಿಗೆಲ್ಲ ಕೇಳುವ ಹಾಗೆ. "ನನಗೆ ಇದರ ಗಂಧಗಾಳಿಯೂ ಗೊತ್ತಿಲ್ಲ. ಒಂದ್ಸಲ ಕೈ ಹಾಕಿ ಮನೆಗೇ ಬೆಂಕಿ ಇಡ್ತಿದ್ದೆ!"

"ಅದನ್ನೂ ಇಷ್ಟು ಜಂಬದಿಂದ ಹೇಳ್ಬೇಕೇನ್ರೀ?" ಎಂದು ಒಳಗಿನಿಂದ ಅವಳು ಕೂಗಿದಳು. ಆಮೇಲೆ ಭೂತಗನ್ನಡಿಯನ್ನು ಹಣೆಯಿಂದ ಕಣ್ಣಿಗೆ ಇಳಿಸಿ, ಬಂದ ಯಂತ್ರದ ಮುಚ್ಚಳ ಎತ್ತಿ, ಅದಕ್ಕೆ ಹಿಂದೆ ಕೈ ಹಾಕಿದವನು ಯಾರೋ ಏನೋ, ಅವನನ್ನು ಬಾಯಿತುಂಬ ಬೈಯುತ್ತ ಕೆಲಸಕ್ಕೆ ಕೂತಳು.